ಮಣ್ಣು ಜಾಡಿಸಿದ ಮಾರ್ಕ್ಸು

ನಾನು ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ಕುರುಗೋಡಿನ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಅರ್ಜಿ ಫಾರ್ಮುಗಳು ಒಂದು ತಿಂಗಳು ಜಗಳ ಹಚ್ಚಿದವು. ಒಂದು ಅರ್ಥಶಾಸ್ತ್ರದ ಬಿ.ಎ.ಗೆ, ಇನ್ನೊಂದು ಬಿ.ಕಾಂ.ಗೆ. ಎರಡೂ ಬಳ್ಳಾರಿಯ ಕಾಲೇಜುಗಳವೇ. ಬಿ.ಎ.ಗೆ ಪಾಸಾಗಿದ್ದರೆ ಸಾಕು. ಬಿ.ಕಾಂ.ಗೆ, ಕಾಮರ್ಸ್ ಓದದೆ ಬಂದವರಿಗೆ, ನೂರಕ್ಕೆ ನಲವತ್ತೈದು ಬೇಕು. ಸಿರುಗುಪ್ಪದಲ್ಲಿ ಅಜ್ಜಿಯ ಮನೆಯಲ್ಲಿದ್ದು ನಾನು ಓದಿದ್ದು ಆರ್ಟ್ಸ್, ಬಂದದ್ದು ನಲವತ್ಮೂರು. ಇಂಗ್ಲಿಷಿನಲ್ಲಂತೂ ಕೂದಲೆಳೆಯಲ್ಲಿ ಪಾರಾಗಿದ್ದೆ.

ಆದರೂ ನನಗೆ ಬಿ.ಕಾಂ. ಸೀಟೇ ಬೇಕಿತ್ತು. ಬಳ್ಳಾರಿಯ ಬ್ಯಾಂಕೊಂದರಲ್ಲಿ ಕನ್ನಡಕದ ಹೆಂಗಸೊಬ್ಬರು, ಕೌಂಟರಿನ ಮುಂದೆ ತಳ್ಳಾಡುತ್ತಿದ್ದ ಗಂಡಸರನ್ನು ಒಂದೇ ನೋಟಕ್ಕೆ ಸಾಲು ಹಿಡಿಸಿದ್ದನ್ನು ನೋಡಿದ್ದೆ. ಆ ಕುರ್ಚಿಯ ಮೇಲೆ ನನ್ನ ಕಣ್ಣಿತ್ತು.

ನಮ್ಮ ಮನೆಯಲ್ಲಿ ಕೊನೆಯ ಮಾತು ದೊಡ್ಡಪ್ಪನದು. ಬಳ್ಳಾರಿ ಮಾರುಕಟ್ಟೆಯಲ್ಲಿ ಅವನು ಶೇಂಗಾ ದಲಾಲಿ. ಬಿ.ಎ. ಸಾಕು, ಕರೆದು ಸೀಟು ಕೊಡುತ್ತಾರೆ ಎಂದು ಹಟ ಹಿಡಿದ. ನಾನು ಎರಡು ಹೊತ್ತು ಊಟ ಬಿಟ್ಟೆ. ಮೂರನೆಯ ಹೊತ್ತಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯ ವಾಸನೆ ಬಂದು ಸೋತೆ. ಪುಣ್ಯಕ್ಕೆ ಅಷ್ಟರಲ್ಲಿ ದೊಡ್ಡಪ್ಪನೂ ಸೋತಿದ್ದ. ಒಮ್ಮೆ ಕೇಳಿ ನೋಡೋಣ ಎಂದು ಮರುದಿನ ಬಸ್ಸು ಹತ್ತಿಸಿದ.

ಬಿ.ಕಾಂ. ಕಾಲೇಜಿನ ಪ್ರಿನ್ಸಿಪಾಲರು ನನ್ನ ಅಂಕಪಟ್ಟಿ ನೋಡಿ, ಎರಡು ಕಡಿಮೆ ಇದೆ ಎಂದರು. ಸಂಖ್ಯೆ ಕಿವಿಗೆ ಬಿದ್ದದ್ದೇ ತಡ, ದೊಡ್ಡಪ್ಪ ಹೆಗಲ ಮೇಲಿನ ಟವಲು ತೆಗೆದು ಕೈಮೇಲೆ ಹೊದಿಸಿಕೊಂಡು ಮೇಜಿನ ಆಚೆ ಚಾಚಿದ. ಮಾರುಕಟ್ಟೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಚುಕಿ ಕುದುರಿಸುತ್ತಾರೆ. ಪ್ರಿನ್ಸಿಪಾಲರಿಗೆ ಅದು ತಿಳಿಯಬೇಕಲ್ಲ! ಟವಲಿನೊಳಗೆ ನೋಟು ಸುತ್ತಿಕೊಂಡು ಬಂದಿದ್ದಾನೆಂದು ಕುರ್ಚಿಯನ್ನು ಗೋಡೆಯವರೆಗೂ ಸರಿಸಿ, ಇಂಥದ್ದೆಲ್ಲ ಇಲ್ಲಿ ನಡೆಯುವುದಿಲ್ಲ ಎಂದು ಗದರಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ದೊಡ್ಡಪ್ಪ ಟವಲು ಕೊಡವಿ ಖಾಲಿ ಕೈ ತೋರಿಸಿ ವಿಷಯ ಹೇಳಿದ ಮೇಲೆ ಅವರು ನಕ್ಕರು. ನಕ್ಕರೂ, ನಿಯಮ ಯೂನಿವರ್ಸಿಟಿಯದು, ಕುದುರಿಸಲು ಬರುವುದಿಲ್ಲ ಎಂದರು.

ನಾನು ಬಾಗಿಲ ಕಡೆ ತಿರುಗಿದೆ. ದೊಡ್ಡಪ್ಪ ಮಾತ್ರ ಅಲ್ಲಾಡಲಿಲ್ಲ.

“ಒಂದ ಮಾತು ಸಾಹೇಬ್ರ. ಈ ನಲವತ್ಮೂರು ಮಣ್ಣು ಸಮೇತನೋ, ಜಾಡಿಸಿ ನೋಡಿದ್ದೋ?”

ಯಾವ ಮಣ್ಣು ಎಂದು ಅವರು ಕೇಳಿದರು. ಶೇಂಗಾ ರಾಶಿಯಲ್ಲಿ ಮಣ್ಣುಹೆಂಟೆ ಇರುತ್ತವೆ, ಅವನ್ನು ಜಾಡಿಸಿದ ಮೇಲೇ ಕಾಳಿನ ಗುಣ ಹೇಳಬೇಕು, ಹುಡುಗಿಯ ಇಂಗ್ಲಿಷು ಜಾಡಿಸಿಬಿಟ್ಟರೆ ಉಳಿದ ಕಾಳು ಚೆನ್ನಾಗಿದೆ ಎಂದು ದೊಡ್ಡಪ್ಪ ವಿವರಿಸಿದ. ಇಂಗ್ಲಿಷಿಗೆ ಮಣ್ಣು ಎಂದದ್ದಕ್ಕೆ ಮತ್ತೆ ಬೈಸಿಕೊಳ್ಳುತ್ತೇವೆ ಎಂದುಕೊಂಡೆ. ಪ್ರಿನ್ಸಿಪಾಲರು ಬೈಯಲಿಲ್ಲ. ಫಾರ್ಮಿನ ಹಿಂಬದಿಯ ಸಣ್ಣಕ್ಷರಗಳನ್ನು ಓದಿದರು. ನಲವತ್ತೈದು ಬೇಕಾದದ್ದು ಐಚ್ಛಿಕ ವಿಷಯಗಳಲ್ಲಿ ಮಾತ್ರ, ಭಾಷೆಗಳು ಲೆಕ್ಕಕ್ಕಿಲ್ಲ ಎಂದು ಅಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಆ ಸಾಲು ನನಗೆ ಅರ್ಥವಾಗಿರಲೇ ಇಲ್ಲ. ಅರ್ಥವಾಗುವಷ್ಟು ಇಂಗ್ಲಿಷು ಬಂದಿದ್ದರೆ ಈ ಪಾಡೇ ಇರುತ್ತಿರಲಿಲ್ಲವಲ್ಲ. ಕೂಡಿ ನೋಡಿದರು, ನಲವತ್ತಾರು ಬಂತು. ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು.

ಊರಿಗೆ ಹೊರಟ ಬಸ್ಸು ಕೊಳಗಲ್ಲು ದಾಟುವವರೆಗೆ ನನ್ನ ಬಾಯಿ ನಿಲ್ಲಲಿಲ್ಲ. ಆಮೇಲೆ ದೊಡ್ಡಪ್ಪನನ್ನು ಛೇಡಿಸಿದೆ. ಬಿ.ಎ.ಗೇ ಸೇರಿಸಬೇಕೆಂದಿದ್ದವನು ಅಲ್ಲಿ ಸುಮ್ಮನೆ ಎದ್ದು ಬಂದಿದ್ದರೆ ನೀನೇ ಗೆಲ್ಲುತ್ತಿದ್ದೆಯಲ್ಲ, ಯಾಕೆ ಅಷ್ಟು ವಾದಿಸಿದೆ ಎಂದೆ. ದೊಡ್ಡಪ್ಪ ತೊಡೆಯ ಮೇಲಿದ್ದ ನನ್ನ ಫಾರ್ಮನ್ನು ನೋಡಿದ. ದೊಡ್ಡ ದೊಡ್ಡ ಸಾಹುಕಾರರ ಎದುರು ನಡುಗದ ಅವನ ದನಿ ಆಗ ಸಣ್ಣಗಾಯಿತು.

“ಬಿ.ಎ.ದಾಗ ನಿನಗ ಯಾರೂ ಇಲ್ಲ ಅಂತಿರಲಿಲ್ಲವ್ವ. ಬಿ.ಕಾಂ.ದಾಗ ಇಲ್ಲ ಅಂದಬಿಟ್ರ, ನಿನ್ನ ಮಾರಿ ನೋಡಾಕ ನನ್ನ ಕೈಲೆ ಆಗ್ತಿರಲಿಲ್ಲ. ಅದಕ್ಕ ಬ್ಯಾಡ ಅಂದಿದ್ದೆ.”