ಐದನೇ ಒಲಿ

ನಮ್ಮತ್ತಿ ಪಕ್ಕೀರಮ್ಮ ಮಂಗಳಾರ ಬಂತಂದ್ರ ಮನಿ ಅನ್ನ ಮುಟ್ಟಾಕಿ ಅಲ್ಲ. ನಮ್ಮನಿಯವರು ಉಚ್ಚಂಗೆಪ್ಪ ಮೂರು ವರ್ಷದ ಕೂಸಿದ್ದಾಗ ಮೈತುಂಬ ಅಮ್ಮ ಎದ್ದು, ಉಳಿಯಂಗಿಲ್ಲ ಅಂತ ಎಲ್ಲಾರೂ ಕೈಚೆಲ್ಲಿದ್ರಂತ. "ಇವನ್ನ ಉಳಿಸವ್ವ, ನಾ ಇರೋತನಕ ಮಂಗಳಾರಕ್ಕೊಮ್ಮಿ ಐದು ಮನಿ ಜೋಗ ಬೇಡತೀನಿ" ಅಂತ ಅತ್ತಿ ಉಚ್ಚಂಗೆಮ್ಮಗ ಹರಕಿ ಹೊತ್ಲು. ಕೂಸು ಉಳೀತು. ಅವತ್ತಿಂದ ಮಂಗಳಾರ ಬೆಳಕು ಹರದ್ರ ಸಾಕು, ಬಿದಿರಿನ ಪಡ್ಲಿಗಿ ಬುಟ್ಟಿ ಹಿಡದು ಐದು ಮನಿ ಮುಂದ "ಉಧೋ" ಅಂತ ನಿಂದ್ರಾಕಿ. ಅವರು ಜೋಗ ನೀಡಿದ ಕಾಳು ಕುದಿಸಿ ಉಂಡ ಮ್ಯಾಲೇ ನೀರು. ಒಂದು ವಾರ ತಪ್ಪಿದ್ರೂ ಮಗನ ಜೀವಕ್ಕ ಕೆಡಕು ಅಂತ ಅಕಿ ನಂಬಿಕಿ.

ಮಗ ದೊಡ್ಡಾವಾಗಿ ಹಡಗಲಿಯಾಗ ಗುಮಾಸ್ತ ಆದ್ರು. ಇಸ್ತ್ರಿ ಪ್ಯಾಂಟು, ಕಿಸೇದಾಗ ಪೆನ್ನು. ಅವ್ವನ ಪಡ್ಲಿಗಿ ಸಾಹೇಬ್ರ ಓಣಿಗೆ ತಿರುಗಿದ್ರ ಇವರಿಗೆ ಜೀವಾ ಹೋದಂಗ ಆಗೋದು. "ಆ ಪಡ್ಲಿಗಿ ಇರಲಿಲ್ಲಂದ್ರ ಈ ಪ್ಯಾಂಟು ಹಾಕ್ಕೊಳಾಕ ನೀವೆಲ್ಲಿ ಇರತಿದ್ರಿ?" ಅಂತ ನಾನು ಮಾರಿ ಮ್ಯಾಲೇ ಅಂದೀನಿ. ನನ್ನ ಬಾಯಿಗೆ ಅಂಜಿಕಿ ಇಲ್ಲ. ಅದೇ ಬಾಯಿ ಒಂದಿನ ಮನಿ ಮುರೀತೈತಿ ಅಂತ ಯಾರಿಗೆ ಗೊತ್ತಿತ್ತು!

ಎಂಬತ್ತೊಂದೋ ಎರಡೋ, ದಸರಾ ಸೂಟಿ. "ಮೂರು ದಿನ ನೀರಿನ ದಂಡಿಗೆ ಬಂಗ್ಲ್ಯಾಗ ಇದ್ದು ಬರೂಣು" ಅಂದ್ರು. ಹಂಪಸಾಗರದ ಕಡೆ, ಡ್ಯಾಮಿನ ಹಿನ್ನೀರಾಗ ಒಂದು ದಿಬ್ಬ, ಅದರ ಮ್ಯಾಲೆ ಸರ್ಕಾರಿ ಬಂಗ್ಲೆ. ಹುಡುಗ್ರು ಕುಣದ್ವು. ನಾನೂ ಕುಣದೆ, ಸುಳ್ಳ್ಯಾಕ ಹೇಳಲಿ. ಲಗ್ನಾಗಿ ಹತ್ತು ವರ್ಷಕ್ಕ ಮೊದಲನೇ ಸಲ ಒಲಿ ಬಿಟ್ಟು ಕುಂದ್ರೋದು ಅದು. ನೀರು ತುಂಬಿ ಹಾದಿ ಮುಳುಗಿತ್ತು. ಸೋಮವಾರ ಮಧ್ಯಾಹ್ನ ಬೆನಕಪ್ಪ ಅನ್ನಾವ ಹರಗೋಲಿನಾಗ ನಮ್ಮನ್ನ ದಾಟಿಸಿ, "ಬುಧವಾರ ಮುಂಜಾನಿ ಬರತೀನ್ರಿ" ಅಂತ ಹೊಂಟೋದ.

ಅತ್ತಿ ಸುತ್ತ ನೋಡಿದ್ಲು. ನಾಕೂ ದಿಕ್ಕಿಗೆ ನೀರು. "ಉಚ್ಚಂಗೀ, ಇಲ್ಲಿ ಮನಿ ಎಷ್ಟದಾವೋ?"

ಇವರು ರೇಡಿಯೋ ಹಚ್ಚಿದ್ರು.

ಮರುದಿನ ಮುಂಜಾನಿ ನಾನು ಬೆತ್ತದ ಕುರ್ಚ್ಯಾಗ ರಾಣಿ ಹಂಗ ಕುಂತು ಚಾ ಕುಡೀತಿದ್ದೆ. ಕಾವಲುಗಾರ ದುರುಗಪ್ಪ ಮಾತಿಗೆ ಮಾತು ಬಂದು ಹೇಳಿದ: "ಶನಿವಾರ, ಐತವಾರ ಬಂಗ್ಲೆ ಖಾಲೀನ ಇತ್ರಿ ಅಮ್ಮಾರ. ನಿಮ್ಮ ಯಜಮಾನ್ರೇ ಸೋಮವಾರದಿಂದ ಬುಧವಾರ ಬೇಕಂತ ಚೀಟಿ ಕಳಿಸ್ಯಾರ." ನನಗ ಸಿಟ್ಟು ಅಂಗಾಲಿಂದ ನೆತ್ತಿಗೇರಿತು.

"ಮಂಗಳಾರ ನೋಡೇ ತಾಯಿನ್ನ ನೀರಾಗ ತಂದು ಕಟ್ಟಿ ಹಾಕೀರೇನ್ರಿ?" ಅಂದೆ.

"ಒಂದು ವಾರ ತಪ್ಪಲಿ. ತಪ್ಪಿದ್ರೂ ನಾ ಬದುಕಿರೋದು ನೋಡಿದ್ರ ಅಕಿ ಅಂಜಿಕಿ ಹೋಗತೈತಿ" ಅಂದ್ರು.

ಅಷ್ಟೊತ್ತಿಗೆ ಅತ್ತಿ ಗಂಟು ಬಿಚ್ಚಿ, ಸೀರಿ ಕೆಳಗ ಮುಚ್ಚಿಟ್ಟಿದ್ದ ಪಡ್ಲಿಗಿ ತಗದು ಹೊಂಟಿದ್ಲು. ದುರುಗಪ್ಪನ ಹೆಂಡ್ತಿ ಓಬಮ್ಮ ತನ್ನ ಮನ್ಯಾಗಿಂದ ಜ್ವಾಳ ನೀಡಿದ್ಲು. ಒಂದು. ಬಂಗ್ಲೆ ಅಡಿಗಿ ಮನಿ ಬಾಗಲಾಗ ದುರುಗಪ್ಪ, "ಇದು ಸರ್ಕಾರದ ಒಲಿ ತಾಯಿ" ಅಂತ ನಕ್ಕೋತ ಅಕ್ಕಿ ನೀಡಿದ. ಎರಡು. ದಿಬ್ಬದ ಆಕಡೆ ಮೀನು ಹಿಡಿಯೋ ಅಣ್ಣ ತಮ್ಮ ಇದ್ರು. ಜಗಳಾಡಿ ಒಂದೇ ಗುಡಿಸಲಾಗ ಎರಡು ಒಲಿ ಹೂಡಿದ್ರು. "ಒಲಿ ಎರಡಂದ ಮ್ಯಾಲೆ ಮನಿ ಎರಡು" ಅಂತ ಅತ್ತಿ ಇಬ್ಬರ ಹತ್ರಾನೂ ಬೇಡಿದ್ಲು. ನಾಕು. ಅಲ್ಲಿಗೆ ಮನಿ ಮುಗದ್ವು.

ಪಡ್ಲಿಗಿ ತೊಡಿ ಮ್ಯಾಲಿಟ್ಟುಕೊಂಡು ಉಸುಕಿನಾಗ ಕುಂತ್ಲು. "ಬೆನಕಪ್ಪಾ!" ಅಂತ ಕೂಗಿದ್ಲು. ಆಕಡೆ ದಂಡಿ ಕಣ್ಣಿಗೇ ಕಾಣಂಗಿಲ್ಲ, ಕೂಗೆಲ್ಲಿ ಮುಟ್ಟತೈತಿ? ಮುಂದ ಅಷ್ಟು ನೀರು, ಒಂದು ಗುಟುಕು ಬಾಯಿಗೆ ಹಾಕಲಿಲ್ಲ. ಹೊತ್ತು ಇಳೀತು. ಏಳಾಕ ಹೋಗಿ ತಲಿ ತಿರುಗಿ ಕುಸುದ್ಲು. ಇವರು ಗಾಬರಿಬಿದ್ದು ನೀರು ತಂದ್ರು. ಅಕಿ ಮಾರಿ ತಿರುವಿದ್ಲು. ತಾವು ಬೀಸಿದ ಬಲಿಯಾಗ ತಾವೇ ಬಿದ್ದಿದ್ರು ನಮ್ಮ ಸಾಹೇಬ್ರು.

ಆಗ ನಾನು ಶಾಣ್ಯಾಕಿ, ಮೂರು ಕಲ್ಲು ತಂದಿಟ್ಟೆ. "ಐದನೇ ಒಲಿ ನಾವ ಹೂಡತೀವ್ರಿ ಅತ್ತಿ."

"ನನ್ನ ಮನಿ ಒಲಿ ನನಗ ಜೋಗ ನೀಡಂಗಿಲ್ಲವ್ವ. ಮಗ ಬ್ಯಾರೆ ಆದ್ರ ಅಷ್ಟ ಅದು ಇನ್ನೊಂದು ಮನಿ."

"ಹಂಗಾರ ಬ್ಯಾರೆ ಆದ್ವಿ ಅಂತ ತಿಳೀರಿ, ಮೊದಲು ಉಣ್ರಿ!" ಅಂದುಬಿಟ್ಟೆ. ನನ್ನ ನಾಲಿಗಿ ಸೇದಿ ಹೋಗ.

ಅತ್ತಿ ಮಗನ್ನ ನೋಡಿದ್ಲು. "ಬ್ಯಾರೆ ಏನಪಾ?"

"ಹೂನವ್ವ, ಬ್ಯಾರೆ. ಇನ್ನರ ಉಣ್ಣು" ಅಂತ ಇವರು ಕಡ್ಡಿ ಗೀರಿ ಒಲಿ ಹಚ್ಚಿದ್ರು. ಓಬಮ್ಮನ ಹತ್ರ ಕಡ ತಂದ ಜ್ವಾಳ ಬೊಗಸಿ ತುಂಬ ನೀಡಿದ್ರು. ಅತ್ತಿ ಅವರ ಹಣಿಗೆ ಭಂಡಾರ ಹಚ್ಚಿ, "ನಿಮ್ಮ ಮನಿ ತಣ್ಣಗಿರಲಿ" ಅಂದ್ಲು. ನಿಮ್ಮ ಮನಿ ಅಂದದ್ದು ನನ್ನ ಕಿವಿಗೆ ಚುಚ್ಚಿತು. ಇವರಿಗೆ ತಾಯಿ ಉಂಡರ ಸಾಕಾಗಿತ್ತು.

ಬುಧವಾರ ಊರಿಗೆ ಬಂದು ರೊಟ್ಟಿ ಬಡದು ಕರದೆ. ಅತ್ತಿ ಹಿತ್ತಲ ಚಪ್ಪರದಾಗ ಮೂರು ಕಲ್ಲು ಹೂಡಾಕತ್ತಿದ್ಲು. ಇವರು ಮೊದಲು ನಕ್ರು, ಆಮ್ಯಾಲೆ ಕಾಲು ಹಿಡದ್ರು. "ಸುಮ್ಮನ ಅಂದ ಮಾತದು, ಎವ್ವಾ."

"ಸುಮ್ಮನ ಅಂದಿದ್ರ ಅವತ್ತಿನ ಜೋಗ ಸುಳ್ಳಾಗತೈತಿ. ಸುಳ್ಳಾದ್ರ ಕೆಡಕು ಯಾರಿಗೋ? ನಿನಗ. ನಾ ಏನು ಬೇಕಂತ ಬ್ಯಾರೆ ಉಣ್ಣಾಕತ್ತೀನೇನು?" ಅಂತ ಅತ್ತಿ ಬಿಕ್ಕಿ ಬಿಕ್ಕಿ ಅತ್ಲು.

ಮುಂದ ಆರು ವರ್ಷ ಬದುಕಿದ್ಲು. ಒಂದೇ ಮನಿ, ಎರಡು ಒಲಿ. ನನ್ನ ಕೈ ರೊಟ್ಟಿ ಮುರೀಲಿಲ್ಲ. ಮಂಗಳಾರ ನಾಕು ಮನಿ ಮುಗಿಸಿ, ಐದನೇದಕ್ಕ ಮುಂದಿನ ಬಾಗಲಿಗೆ ಬಂದು ಓಣಿಗೆಲ್ಲ ಕೇಳಂಗ "ಉಧೋ" ಅನ್ನಾಕಿ. ನಾ ನೀಡಿದ್ರ ಒಲ್ಲಾಕಿ, ಒಲಿ ಹಚ್ಚಿದಾವನೇ ನೀಡಬೇಕು. ಇವರು ಇಸ್ತ್ರಿ ಪ್ಯಾಂಟಿನಾಗ ಮೊರ ಹಿಡದು ಬರತಿದ್ರು. ತಲಿ ಎತ್ತತಿರಲಿಲ್ಲ.

ಅತ್ತಿ ಹೋಗಿದ್ದು ಒಂದು ಶುಕ್ರವಾರ. ಮುಂದಿನ ಮಂಗಳಾರ ನೋಡತೀನಿ, ಇವರು ಮೊರದಾಗ ಜ್ವಾಳ ಹಾಕ್ಕೊಂಡು ಬಾಗಲಾಗ ನಿಂತಾರ.

"ಆಫೀಸಿಗೆ ಹೊತ್ತಾತ್ರಿ" ಅಂದೆ.

"ಇನ್ನೊಂದು ಗಳಿಗಿ ನೋಡತೀನಿ ತಡಿ" ಅಂದ್ರು.