ಮೇಷ್ಟ್ರ ಕಾರಿನ ಹೊಟ್ಟೆ

ಗಣಿತದ ಮೇಷ್ಟ್ರು ಹಳೆಯ ಸ್ಪೋರ್ಟ್ಸ್ ಕಾರು ಕೊಂಡದ್ದೇ ತಡ, ರೇಸ್ ಟ್ರ್ಯಾಕಿನ ಹುಚ್ಚು ನೆತ್ತಿಗೇರಿತು. ಆದರೆ ಮೆಕ್ಯಾನಿಕ್ ಹೆದರಿಸಿಬಿಟ್ಟ: “ಜೋರಾಗಿ ತಿರುಗಿಸಿದ್ರೆ ಆಯಿಲೆಲ್ಲ ಒಂದೇ ಮೂಲೆಗೆ ಓಡುತ್ತೆ ಸಾರ್. ಪಂಪು ಬರೀ ಗಾಳಿ ಕುಡಿಯುತ್ತೆ, ಎಂಜಿನ್ ಗೊಟಕ್!”

ಅಂದಿನಿಂದ ಮೂರು ವರ್ಷ ಮೇಷ್ಟ್ರು ಎಂಜಿನ್ನಿನ ಅಡಿಯ ಆಯಿಲ್ ಚೇಂಬರನ್ನು ಬಿಚ್ಚಿ, ಆಯಿಲ್ ಅತ್ತಿತ್ತ ತುಳುಕದಂತೆ ಅದರೊಳಗೆ ಅಡ್ಡತಗಡು ಕೂರಿಸಿದ್ದೇ ಕೂರಿಸಿದ್ದು. ಪರೀಕ್ಷೆಗೆ ಸಿಕ್ಕವರು ಅತ್ತೆ. ಆಕೆಯನ್ನು ಚಕ್ರದ ಕುರ್ಚಿಯಲ್ಲಿ ಕೂರಿಸಿ, ಆಯಿಲ್ ತುಂಬಿದ ಚೇಂಬರನ್ನು ಮಡಿಲಲ್ಲಿಟ್ಟು, ಊಟದ ಮೇಜಿನ ಸುತ್ತ ಗರಗರ ತಿರುಗಿಸುತ್ತಿದ್ದರು.

“ಅಳಿಯಂದಿರೇ, ಹೊಟ್ಟೆ ತೊಳಸ್ತಿದೆ!”

“ನಿಮ್ಮ ಹೊಟ್ಟೆ ಹಾಗಿರಲಿ ಅತ್ತೆ, ಆಯಿಲ್ ಚೆಲ್ಲಿತಾ?”

ಒಂದು ದಿನ, ಕೊನೆಗೂ, ತೊಟ್ಟೂ ಚೆಲ್ಲಲಿಲ್ಲ. ಮರುವಾರವೇ ಮೇಷ್ಟ್ರು ಹೆಲ್ಮೆಟ್ ತೊಟ್ಟು ಟ್ರ್ಯಾಕಿಗಿಳಿದರು. ಮೊದಲ ತಿರುವು, ಎರಡನೆಯದು, ಮೂರನೆಯದು. ಆಯಿಲ್ ಒತ್ತಡ ತೋರಿಸುವ ಮುಳ್ಳು ಕೂದಲೆಳೆಯಷ್ಟೂ ಅಲುಗಲಿಲ್ಲ. ನಾಲ್ಕನೆಯ ತಿರುವಿನಲ್ಲಿ ಕಾರು ಗಕ್ಕನೆ ನಿಂತಿತು. ಎಂಜಿನ್ ಗಟ್ಟಿಮುಟ್ಟಾಗಿ ಗುಟುರು ಹಾಕುತ್ತಲೇ ಇತ್ತು. ಬಾಗಿಲು ತೆರೆದು, ಹೆಲ್ಮೆಟ್ ಕಿತ್ತೆಸೆದು, ಮೇಷ್ಟ್ರು ಬೆಳಗ್ಗೆ ತಿಂದದ್ದನ್ನೆಲ್ಲ ಟ್ರ್ಯಾಕಿಗೆ ಒಪ್ಪಿಸಿದರು.

ಬೇಲಿಯಾಚೆ ನಿಂತಿದ್ದ ಅತ್ತೆ ಕೈ ಬಾಯಿಗಿಟ್ಟು ಕೂಗಿದರು:

“ಅಳಿಯಂದಿರೇ, ಆ ತಗಡು ಒಂದೆರಡು ಉಳಿದಿದ್ರೆ ನೀವೂ ನುಂಗಿಬಿಡಿ!”