ನೋಡದೆ ಹೇಳಿದ ಮಾತು

ಅಕ್ಕಾ, ನಾನು ನೋಡಿರಲಿಲ್ಲ. ನೋಡಿದೆನೆಂದು ದಿನಾಲೂ ನಿನಗೆ ಸುಳ್ಳು ಹೇಳಿದೆ.

ಎದೆಯ ಗಡ್ಡೆ ತೆಗೆಸಿಕೊಂಡ ಮೇಲೆ ರೇಡಿಯೇಷನ್‌ಗೆಂದು ನೀನು ಗದಗದಿಂದ ಪುಣೆಗೆ, ನನ್ನ ಮನೆಗೆ ಬಂದೆ. ನಿನಗೆ ಮರಾಠಿ ಬಾರದು. ಆಸ್ಪತ್ರೆಯಲ್ಲಿ ನಿನ್ನ ಕಿವಿ, ನಿನ್ನ ಬಾಯಿ ಎರಡೂ ನಾನೇ. ನರ್ಸ್ ಮೊದಲೇ ತಿಳಿಸಿದ್ದಳು — ಚರ್ಮ ಸುಟ್ಟಂತಾಗುತ್ತದೆ. ವಾರಕ್ಕೊಮ್ಮೆ ಡಾಕ್ಟರು ನೋಡುತ್ತಾರೆ, ಆದರೆ ಮೊಲೆಯ ಕೆಳಗಿನ ಮಡಿಕೆ ನಿಮ್ಮ ಅಕ್ಕನಿಗೇ ಕಾಣುವುದಿಲ್ಲ, ದಿನಾ ನೀವು ನೋಡಿ. ಒಡೆದು ನೀರು ಸೋರಿದರೆ ಕೂಡಲೇ ಕರೆತನ್ನಿ.

ಮೊದಮೊದಲು ನೋಡಿದೆ. ಕೆಂಪು ಚರ್ಮ ಕಪ್ಪಾಗುತ್ತ ಬಂದಾಗ — ನನ್ನಿಂದಾಗಲಿಲ್ಲ. ಒಂದೇ ತಾಯಿಯ ಮಕ್ಕಳು ನಾವು. ನಿನ್ನ ಮೈಯಲ್ಲಿ ನನಗೆ ನನ್ನ ಮೈ ಕಾಣತೊಡಗಿತ್ತು. ನೀನು ಸ್ನಾನ ಮುಗಿಸಿ ಸೆರಗು ಸರಿಸಿ ನಿಂತರೆ, ನಾನು ಬಾಗಿ, ಕಣ್ಣು ಮುಚ್ಚಿಕೊಂಡು, ಒಂದು ಗಳಿಗೆ ತಡೆಯುತ್ತಿದ್ದೆ.

“ಭಾಳ ಉರೀತದ. ಒಡದದೇನ ನೋಡು.”

“ಇಲ್ಲಕ್ಕಾ, ಬರೇ ಕೆಂಪಗಾಗೇದ.”

ನೀನು ನಂಬಿದೆ. ಹಲ್ಲು ಕಚ್ಚಿ ತಡೆದೆ. ಒಂದು ಬೆಳಿಗ್ಗೆ ಜ್ವರ ಬಂತು. ಒಳಗಿನ ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು. ಆಸ್ಪತ್ರೆಯಲ್ಲಿ ಅದನ್ನು ನೆನೆಸಿ ನೆನೆಸಿ ಬಿಡಿಸಿದರು. ನೀನು ಕೂಗಲಿಲ್ಲ — ನನ್ನ ಕೈ ಹಿಡಿದುಕೊಂಡಿದ್ದೆ.

ಡಾಕ್ಟರು ಮರಾಠಿಯಲ್ಲಿ ನನ್ನನ್ನೇ ಕೇಳಿದರು: “ಮನೆಯಲ್ಲಿ ದಿನಾ ನೋಡುತ್ತಿದ್ದವರು ಯಾರು? ಇಷ್ಟಾಗುವವರೆಗೆ ಯಾಕೆ ತಿಳಿಸಲಿಲ್ಲ?”

“ಏನಂತಾರ?” ನೀನು ಕೇಳಿದೆ.

ನಾನು ನಿನ್ನ ಕಡೆ ತಿರುಗಿ ಹೇಳಿದೆ: “ಇಷ್ಟು ನೋವಿದ್ರೂ ಯಾಕ ಮುಚ್ಚಿಟ್ಟಿ ಅಂತ ಕೇಳಾಕತ್ತಾರ.”

ನೀನು ತಲೆ ತಗ್ಗಿಸಿದೆ. “ನಂದ ತಪ್ಪಾತು ಅಂತ ಹೇಳು.”

ಹೇಳಿದೆ. ಅದೊಂದನ್ನು ಮಾತ್ರ ಅಕ್ಷರ ಬಿಡದೆ ಮರಾಠಿಗೆ ತಂದೆ.

ಚಿಕಿತ್ಸೆ ಕೆಲವು ದಿನ ನಿಂತಿತು. ಗಾಯ ಮಾಗಿದ ಮೇಲೆ ಮುಂದುವರಿದು ಮುಗಿಯಿತು; ನೀನು ಗುಣವಾಗಿ ಊರಿಗೆ ಹೋದೆ. ನನಗೆ ಮಾತ್ರ ಇಂದಿಗೂ ಒದ್ದೆ ಬಟ್ಟೆ ಮೈಗೆ ಅಂಟಿದರೆ ಸಾಕು, ಅದನ್ನು ಕಳಚಿ ಎಸೆಯುವವರೆಗೆ ಸಮಾಧಾನವಿಲ್ಲ. ಗಾಯದ ಆ ವಾಸನೆ — ಅದು ಎಲ್ಲಿಂದ ಬರುತ್ತದೋ...

ಹೋದ ತಿಂಗಳು ಗದಗಕ್ಕೆ ಬಂದಿದ್ದೆನಲ್ಲ. ಇದೇ ಚಿಕಿತ್ಸೆಗೆ ಹೊರಟಿದ್ದ ಪಕ್ಕದ ಮನೆಯಾಕೆಗೆ ನೀನು ಬುದ್ಧಿ ಹೇಳುತ್ತಿದ್ದೆ: “ನೋವಾದ್ರ ಮುಚ್ಚಿಡಬ್ಯಾಡ್ರಿ. ನಾ ಮುಚ್ಚಿಟ್ಟು ಭಾಳ ಅನುಭವಿಸೇನಿ. ನನ್ನ ತಂಗಿ ಇದ್ಲಂತ ಉಳದೆ.”

ನಿನ್ನ ಪಕ್ಕದಲ್ಲೇ ಕೂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಇನ್ನು ಆಗುವುದಿಲ್ಲ. ನೀನು ಏನನ್ನೂ ಮುಚ್ಚಿಟ್ಟಿರಲಿಲ್ಲ, ಅಕ್ಕಾ. ಉರಿಯುತ್ತದೆಂದು ನೀನು ದಿನಾಲೂ ಹೇಳಿದ್ದೆ, ದಿನಾಲೂ ಕೇಳಿದ್ದೆ. ಅಂದು ಡಾಕ್ಟರು ಬೈದದ್ದು ನನ್ನನ್ನು.